ಹವಾಲ್ದಾರ್ ಚಾಚಾನ ಜೊತೆ ಬೆಳಗಾವಿಯಲ್ಲಿ ಎರಡು ದಿನ

ಬೆಳಗಾವಿ ಎಂದರೆ ನಮ್ಮ ಕಡೆಯವರಿಗೆ ದಾರಿಯ ಮೇಲಿನ ಊರು. ಪುಣೆ, ಮುಂಬೈಗೆ ಲೋಡ್ ಕೊಂಡೊಯ್ಯುವವರು ಚಹಾಕ್ಕೆ ಇಳಿಯುವ ಜಾಗ, ಅಧಿವೇಶನದ ದಿನಗಳಲ್ಲಿ ಮನವಿ ಹಿಡಿದು ಸುವರ್ಣ ಸೌಧದ ಎದುರು ನಿಲ್ಲುವ ಜಾಗ, ಬರುವಾಗ ಅರ್ಧ ಕೆ.ಜಿ. ಕುಂದಾ ಕಟ್ಟಿಸಿಕೊಳ್ಳುವ ಜಾಗ. ಪ್ರವಾಸಕ್ಕೆಂದೇ ಅಲ್ಲಿಗೆ ಹೋದ ಬ್ಯಾರಿ ಕುಟುಂಬಗಳು ಕಡಿಮೆ. ನಾವು ಕೂಡಾ ಹೋದವರಲ್ಲ. ಈ ಬಾರಿ ಹೋದದ್ದಕ್ಕೆ ಕಾರಣ ಮ್ಯೂನಿಕ್‌ನಲ್ಲಿ ಓದುತ್ತಿರುವ ನಮ್ಮ ಮನೆಯ ಹುಡುಗ ಕಳಿಸಿದ ಒಂದು ವಾಯ್ಸ್ ಮೆಸೇಜ್.

ಅವನು ರಜೆಯ ದಿನ ಡಾಖಾವ್‌ಗೆ ಹೋಗಿದ್ದ. ಹಿಟ್ಲರ್ ಅಧಿಕಾರಕ್ಕೆ ಬಂದ ಎರಡೇ ತಿಂಗಳಲ್ಲಿ, 1933ರ ಮಾರ್ಚ್‌ನಲ್ಲಿ ತೆರೆದ ಯಾತನಾ ಶಿಬಿರ ಅದು. ಎರಡು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಅಲ್ಲಿ ಕೂಡಿಹಾಕಿದ್ದರು, 41 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಈಗ ಅದು ಸ್ಮಾರಕ. ಒಳಗೆ ಹೋಗಲು ಟಿಕೆಟ್ ಇಲ್ಲ, ಗೈಡ್ ಬೇಕಾದರೆ ಮಾತ್ರ ಹಣ. ನಾಲ್ಕು ಜನ ಸೇರಿ ಒಬ್ಬ ಗೈಡ್‌ನನ್ನು ಮಾಡಿಕೊಂಡರಂತೆ. ದೇಹಗಳನ್ನು ಸುಡುತ್ತಿದ್ದ ಕಟ್ಟಡದ ಬಳಿ ಒಂದು ಫಲಕ ತೋರಿಸಿ ಆಕೆ, ‘ನೀನು ಕರ್ನಾಟಕದವನಲ್ಲವೇ? ಈ ಹೆಸರು ಓದು’ ಅಂದರಂತೆ. ನೂರ್ ಇನಾಯತ್ ಖಾನ್.

ಟಿಪ್ಪು ಸುಲ್ತಾನರ ವಂಶದ ಹೆಣ್ಣುಮಗಳು. ತಂದೆ ಸೂಫಿ ಗುರು, ವೀಣೆಯ ವಿದ್ವಾಂಸ ಹಝ್ರತ್ ಇನಾಯತ್ ಖಾನ್. ಮಕ್ಕಳ ಕಥೆ ಬರೆಯುತ್ತಿದ್ದ ನೂರ್, 1943ರ ಜೂನ್‌ನಲ್ಲಿ ಬ್ರಿಟಿಷರ ಗುಪ್ತದಳದ ವೈರ್‌ಲೆಸ್ ಆಪರೇಟರ್ ಆಗಿ ಜರ್ಮನರ ಕೈಯಲ್ಲಿದ್ದ ಫ್ರಾನ್ಸ್‌ಗೆ ಇಳಿದರು. ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಸಿಕ್ಕಿಬಿದ್ದರು. ಜರ್ಮನಿಯ ಜೈಲಲ್ಲಿ ತಿಂಗಳುಗಟ್ಟಲೆ ಸಂಕೋಲೆಯಲ್ಲಿಟ್ಟರೂ ಬಾಯಿ ಬಿಡಲಿಲ್ಲ. 1944ರ ಸೆಪ್ಟಂಬರ್ 13ರಂದು ಇನ್ನೂ ಮೂವರು ಹೆಣ್ಣುಮಕ್ಕಳ ಜೊತೆ ಡಾಖಾವ್‌ನಲ್ಲಿ ಗುಂಡಿಟ್ಟು ಕೊಂದರು. ಆಗ ಆಕೆಗೆ ಮೂವತ್ತು ವರ್ಷ.

ಹುಡುಗನ ಮೆಸೇಜ್‌ನ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. ‘ಇಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಕಥೆ ಹೇಳ್ತಾರೆ. ನಮ್ಮ ಊರಲ್ಲಿ ಇಂಥದ್ದು ಏನಾದ್ರೂ ಉಂಟಾ?’

ಮನೆಯಲ್ಲಿ ಈ ಬಗ್ಗೆ ಚರ್ಚೆಯೇ ಆಯಿತು. ನಮ್ಮಲ್ಲೇ ಒಬ್ಬರು ನೇರವಾಗಿ ಕೇಳಿದರು: ಗಾಝಾದ ಮಕ್ಕಳ ಸುದ್ದಿ ದಿನಾ ನೋಡ್ತಾ ಇದ್ದೇವೆ, ಈಗ ಯಹೂದಿಗಳ ನೋವಿನ ಕಥೆ ನಮಗೆ ಯಾಕೆ? ಆ ಪ್ರಶ್ನೆಯನ್ನು ಬಾಯಿ ಮುಚ್ಚಿಸಿ ಕೂರಿಸುವುದು ಸರಿಯಲ್ಲ, ಅದರಲ್ಲಿ ಸಂಕಟವಿದೆ. ಆದರೆ ಒಬ್ಬರ ಕಣ್ಣೀರು ಒಪ್ಪಿಕೊಳ್ಳಲು ಇನ್ನೊಬ್ಬರ ಕಣ್ಣೀರು ಸುಳ್ಳೆನ್ನಬೇಕಾಗಿಲ್ಲ. ಅದೇ ಯುದ್ಧದಲ್ಲಿ ಅಲ್ಬೇನಿಯಾದ ಮುಸ್ಲಿಮ್ ಕುಟುಂಬಗಳು ಯಹೂದಿಗಳನ್ನು ತಮ್ಮ ಮಕ್ಕಳ ಬಟ್ಟೆ ತೊಡಿಸಿ, ಮುಸ್ಲಿಮ್ ಹೆಸರಿಟ್ಟು ಮನೆಯೊಳಗೆ ಬಚ್ಚಿಟ್ಟವು. ಕೊಟ್ಟ ಮಾತು ಉಳಿಸುವುದಕ್ಕೆ ಅಲ್ಲಿ ‘ಬೆಸಾ’ ಅನ್ನುತ್ತಾರೆ. ಯುದ್ಧ ಮುಗಿದಾಗ ಆ ದೇಶದಲ್ಲಿ ಯಹೂದಿಗಳ ಸಂಖ್ಯೆ ಮೊದಲಿಗಿಂತ ಹೆಚ್ಚಿತ್ತು. ಬರ್ಲಿನ್‌ನಲ್ಲಿ ಈಜಿಪ್ಟ್‌ನ ವೈದ್ಯ ಮುಹಮ್ಮದ್ ಹೆಲ್ಮಿ ಒಬ್ಬ ಯಹೂದಿ ಹುಡುಗಿಯನ್ನು ಯುದ್ಧ ಮುಗಿಯುವವರೆಗೆ ಕಾಪಾಡಿದರು. ಇದನ್ನೆಲ್ಲ ನಮ್ಮ ಮಕ್ಕಳಿಗೆ ನಾವು ಹೇಳದಿದ್ದರೆ ಯಾರು ಹೇಳಬೇಕು?

ಪೋಲೆಂಡ್, ಜರ್ಮನಿಗೆ ಹೋಗುವುದು ಎಲ್ಲರಿಗೂ ಆಗುವ ಮಾತಲ್ಲ. ಹತ್ತಿರ ಏನಿದೆ ಎಂದು ವಿಚಾರಿಸಿದಾಗ ಬೆಳಗಾವಿಯ ಒಬ್ಬ ಪರಿಚಯಸ್ಥರು, ‘ಇಲ್ಲಿಗೇ ಬನ್ನಿ, ಯುದ್ಧದ ಊರಲ್ಲವಾ ಇದು, ತೋರಿಸುವವರು ಒಬ್ಬರಿದ್ದಾರೆ’ ಅಂದರು. ಮೂರು ತಲೆಮಾರು ಸೇರಿ ಒಂಬತ್ತು ಮಂದಿ ರಾತ್ರಿ ಬಸ್ಸು ಹತ್ತಿದೆವು. ಪತ್ತಿರ್, ಒಣಮೀನಿನ ಚಟ್ನಿ ಎಲ್ಲ ಕಟ್ಟಿಕೊಂಡೇ.

ಬೆಳಗ್ಗೆ ಬಸ್‌ಸ್ಟ್ಯಾಂಡಿಗೆ ಬಂದವರು ನಿವೃತ್ತ ಹವಾಲ್ದಾರ್. ಕ್ಯಾಂಪ್ ಪ್ರದೇಶದ ದಖನಿ ಮುಸ್ಲಿಮ್ ಮನೆತನ. ಸೇನೆಯಲ್ಲಿ ಇದ್ದದ್ದು ಸರಬರಾಜು ವಿಭಾಗದಲ್ಲಿ. ಮನೆಯಲ್ಲಿ ಉರ್ದು, ಪೇಟೆಯಲ್ಲಿ ಮರಾಠಿ, ನಮ್ಮ ಜೊತೆ ಬೆಳಗಾವಿ ಕನ್ನಡ. ಅರ್ಧ ಗಂಟೆಯೊಳಗೆ ಮಕ್ಕಳಿಗೆ ಅವರು ಹವಾಲ್ದಾರ್ ಚಾಚಾ ಆದರು. ಅವರ ಹೆಸರು ಇಲ್ಲಿ ಬರೆದಿಲ್ಲ, ಯಾಕೆಂದು ಮುಂದೆ ಹೇಳುತ್ತೇವೆ.

ಮೊದಲು ಕೋಟೆ. ಕಂದಕ ದಾಟಿ ಒಳಗೆ ಹೋದರೆ 13ನೇ ಶತಮಾನದ ಕಮಲ ಬಸದಿ, ಸ್ವಲ್ಪ ಆಚೆ ಆದಿಲ್‌ಶಾಹಿ ಕಾಲದ ಅಸದ್ ಖಾನ್ ಕಟ್ಟಿಸಿದ ಸಫಾ ಮಸೀದಿ. ಮಧ್ಯೆ ರಾಮಕೃಷ್ಣ ಆಶ್ರಮ. ಕೋಟೆಯ ದೊಡ್ಡ ಭಾಗ ಸೇನೆಯ ಕೈಯಲ್ಲಿದೆ. 1818ರಲ್ಲಿ ಥಾಮಸ್ ಮನ್ರೋನ ಪಡೆ ಮೂರು ವಾರ ಮುತ್ತಿಗೆ ಹಾಕಿ ಇದನ್ನು ಪೇಶ್ವೆಯವರಿಂದ ಕಿತ್ತುಕೊಂಡಿತು. ಅಂದಿನಿಂದ ಬೆಳಗಾವಿ ದಂಡಿನ ಊರು. ‘ಫೋಟೊ ಆಮೇಲೆ ತಗೀರಿ, ಮೊದಲ ಕೇಳ್ರಿ’ ಎಂದು ಚಾಚಾ ಮಕ್ಕಳ ಮೊಬೈಲ್ ಕೆಳಗಿಳಿಸಿದರು.

ಕ್ಯಾಂಪಿನ ರಸ್ತೆಯಲ್ಲಿ ದೊಡ್ಡ ಮರಗಳ ನೆರಳಲ್ಲಿ ಗಾಡಿ ನಿಲ್ಲಿಸಿ ಅವರು ಹೇಳಿದ ಕಥೆ ನಮಗೆ ಹೊಸದು. ಮೊದಲ ಮಹಾಯುದ್ಧದ ಕಾಲದಲ್ಲಿ ಈ ಊರಿನಲ್ಲಿ ಜರ್ಮನ್ ಕುಟುಂಬಗಳ ಬಂದೀ ಶಿಬಿರವಿತ್ತು. ಗಂಡಸರನ್ನು ಹೆಚ್ಚಾಗಿ ಅಹಮದ್‌ನಗರದಲ್ಲಿ ಇಟ್ಟಿದ್ದರೆ, ಹೆಂಗಸರು ಮಕ್ಕಳಿದ್ದ ಕುಟುಂಬಗಳನ್ನು ಬೆಳಗಾವಿಗೆ ತಂದಿದ್ದರು. ಬಳ್ಳಾರಿಯಲ್ಲಿ ಯುದ್ಧದಲ್ಲಿ ಸೆರೆ ಸಿಕ್ಕ ತುರ್ಕಿ ಅಧಿಕಾರಿಗಳಿದ್ದರು. 1917ರಲ್ಲಿ ಜಿನೀವಾದಿಂದ ಬಂದ ರೆಡ್ ಕ್ರಾಸ್ ಪ್ರತಿನಿಧಿಗಳು ಈ ಎರಡೂ ಶಿಬಿರಗಳನ್ನು ನೋಡಿ ವರದಿ ಬರೆದರು. ನಾವು ತಿರುಗಾಡಿದ ದಾರಿಯಲ್ಲಿ ಇದನ್ನು ಹೇಳುವ ಒಂದು ಫಲಕವೂ ಕಾಣಲಿಲ್ಲ.

ಮಂಗಳೂರಿನವರಾದ ನಮಗೆ ಜರ್ಮನ್ ಎಂದೊಡನೆ ನೆನಪಾಗುವುದು ಬಾಸೆಲ್ ಮಿಷನ್. 1843ರ ‘ಮಂಗಳೂರು ಸಮಾಚಾರ’, ಕಿಟ್ಟೆಲ್ ನಿಘಂಟು ಅಚ್ಚಾದ ಬಲ್ಮಠದ ಪ್ರೆಸ್, 1865ರಲ್ಲಿ ಶುರುವಾದ ಜೆಪ್ಪುವಿನ ಹೆಂಚಿನ ಕಾರ್ಖಾನೆ. ಎಷ್ಟೋ ಬ್ಯಾರಿ ಮನೆಗಳ ಮಾಡಿನಲ್ಲಿ ಆ ಹೆಂಚು ಈಗಲೂ ಇದೆ. 1914ರಲ್ಲಿ ಯುದ್ಧ ಶುರುವಾದ ಮೇಲೆ ಅದೇ ಮಿಷನ್‌ನ ಜರ್ಮನರು ಶತ್ರು ದೇಶದವರಾದರು. ಶಿಬಿರ ಸೇರಿದರು, ಆಮೇಲೆ ಹಡಗು ಹತ್ತಿಸಿ ಊರಿಗೆ ಅಟ್ಟಲಾಯಿತು. ಕಾರ್ಖಾನೆಗಳು ಸರಕಾರದ ವಶವಾಗಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಹೆಂಚಿನ ಮೇಲಿನ ಹೆಸರು ಬದಲಾದದ್ದರ ಹಿಂದೆ ಯುದ್ಧವೊಂದಿತ್ತು ಎಂದು ಗೊತ್ತಾದದ್ದು ಬೆಳಗಾವಿಯ ಮರದಡಿಯಲ್ಲಿ.

ಡಾಖಾವ್‌ಗೂ ಇದಕ್ಕೂ ಹೋಲಿಕೆ ಮಾಡಬಾರದು. ಚಾಚಾ ಕೂಡಾ ಅದನ್ನೇ ಹೇಳಿದರು. ಇಲ್ಲಿ ಕೂಡಿಹಾಕಿದ್ದು ಶತ್ರು ದೇಶದ ಪ್ರಜೆಗಳು ಎಂಬ ಕಾರಣಕ್ಕೆ, ಯುದ್ಧ ಮುಗಿಯುವ ತನಕ. ಅಲ್ಲಿ ನಡೆದದ್ದು ಒಂದು ಜನಾಂಗವನ್ನೇ ಇಲ್ಲವಾಗಿಸುವ ಕೆಲಸ. ಎರಡನ್ನೂ ಒಂದೇ ಉಸಿರಿಗೆ ಹೇಳುವ ಗೈಡ್‌ನನ್ನು ನಂಬಬೇಡಿ ಎಂಬುದು ನಮ್ಮ ಸಲಹೆ.

ಮರಾಠಾ ಲಘು ಪದಾತಿ ದಳದ ರೆಜಿಮೆಂಟ್ ಕೇಂದ್ರಕ್ಕೆ ಹಾಗೇ ಗಾಡಿ ನುಗ್ಗಿಸಿ ಹೋಗಲಾಗುವುದಿಲ್ಲ. ಮೊದಲೇ ಕೇಳಿಕೊಂಡು, ಆಧಾರ್ ಚೀಟಿ ಹಿಡಿದು, ಹೇಳಿದ ಕಡೆ ಮಾತ್ರ ನಡೆಯಬೇಕು. ನೂರು ವರ್ಷ ದಾಟಿದ ಈ ಕೇಂದ್ರದಿಂದ ಹೋದ ಹುಡುಗರು ಎರಡನೇ ಮಹಾಯುದ್ಧದಲ್ಲಿ ಎರಿಟ್ರಿಯಾದ ಕೆರೆನ್‌ನಿಂದ ಇಟಲಿಯವರೆಗೆ ಹೋರಾಡಿದರು. ನಾಯಕ್ ಯಶವಂತ ಘಾಡ್ಗೆಗೆ ಆಗ 22ರ ಹರೆಯ. 1944ರ ಜುಲೈ 10ರಂದು ಇಟಲಿಯ ಟೈಬರ್ ಕಣಿವೆಯಲ್ಲಿ ತನ್ನ ತುಕಡಿಯವರೆಲ್ಲ ಸತ್ತೋ ಗಾಯಗೊಂಡೋ ಬಿದ್ದ ಮೇಲೆ ಒಬ್ಬನೇ ಮೆಷಿನ್ ಗನ್ ಕಡೆಗೆ ನುಗ್ಗಿದ. ಗುಂಡು ಮುಗಿದಾಗ ಬಂದೂಕಿನ ಹಿಡಿಯಿಂದ ಹೊಡೆದ. ಅಲ್ಲೇ ಸತ್ತ. ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಇಟಲಿಯ ಮೊಂಟೋನೆ ಎಂಬ ಸಣ್ಣ ಊರಿನವರು 2023ರಲ್ಲಿ ಅವನ ಹೆಸರಲ್ಲಿ ನೆರಳು ಗಡಿಯಾರದ ಸ್ಮಾರಕ ನಿಲ್ಲಿಸಿದ್ದಾರೆ. ಎಂಬತ್ತು ವರ್ಷದ ಹತ್ತಿರ ಆದ ಮೇಲೂ ಪರವೂರಿನವರು ಒಬ್ಬ ಸಿಪಾಯಿಯ ಹೆಸರು ಉಳಿಸಿಕೊಂಡಿದ್ದಾರೆ ಎಂದು ನಮ್ಮ ಹಿರಿಯರೊಬ್ಬರು ಹೇಳಿದಾಗ ಚಾಚಾ ಸುಮ್ಮನಾದರು.

ಸಫಾ ಮಸೀದಿಯಲ್ಲಿ ಳುಹರ್ ಮುಗಿಸಿ, ದರ್ಬಾರ್ ಗಲ್ಲಿಯ ಕಡೆ ಊಟಕ್ಕೆ ಕೂತಾಗ ಅವರಾಗಿಯೇ ಮಾತೆತ್ತಿದರು. ‘ನಮ್ಮ ಅಜ್ಜನ ಅಪ್ಪ ಬಸ್ರಾಕ್ಕ ಹೋಗಿದ್ರಿ. ತಿರುಗಿ ಬರಲಿಲ್ಲ.’

ಮರಾಠಾ ಪಲ್ಟಣ್ ಎಂದ ಮಾತ್ರಕ್ಕೆ ಅದರಲ್ಲಿ ಮರಾಠರು ಮಾತ್ರ ಇದ್ದರೆಂದಲ್ಲ. ಆ ಕಾಲದಲ್ಲಿ ಅವುಗಳಲ್ಲಿ ದಖನಿ ಮುಸ್ಲಿಮರ ತುಕಡಿಗಳೂ ಇದ್ದವು. 103, 110, 117 ಎಂಬ ಸಂಖ್ಯೆಯ ಮೂರು ಮರಾಠಾ ಪಲ್ಟಣಗಳು ಇಂದಿನ ಇರಾಕ್‌ನ ಕುತ್ ಎಂಬ ಊರಿನಲ್ಲಿ, ಟೈಗ್ರಿಸ್ ನದಿಯ ತಿರುವಿನಲ್ಲಿ, 1915ರ ಡಿಸೆಂಬರ್‌ನಿಂದ ತುರ್ಕಿ ಸೇನೆಯ ಮುತ್ತಿಗೆಗೆ ಸಿಕ್ಕವು. ಹಸಿವು ತಡೆಯಲಾರದೆ ಕುದುರೆಗಳನ್ನು ಕಡಿದರು. ಭಾರತೀಯ ಸಿಪಾಯಿಗಳು, ಹಿಂದೂಗಳೂ ಮುಸ್ಲಿಮರೂ, ಅದನ್ನು ತಿನ್ನಲು ಒಪ್ಪಲಿಲ್ಲ. ಊರಿನ ಧರ್ಮಗುರುಗಳಿಂದ ಅನುಮತಿ ತರಿಸಿ ಹೇಳಿದರೂ ಬಹಳ ದಿನ ಮುಟ್ಟಲಿಲ್ಲ. 1916ರ ಏಪ್ರಿಲ್ 29ರಂದು ಜನರಲ್ ಟೌನ್‌ಶೆಂಡ್ ಶರಣಾದ. ಸುಮಾರು 13 ಸಾವಿರ ಮಂದಿ ಸೆರೆಯಾದರು, ಹೆಚ್ಚಿನವರು ಭಾರತೀಯರು. ಅವರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋಗಿ ರಾಸುಲ್ ಐನ್‌ನಂಥ ಕಡೆ ರೈಲು ಹಳಿ ಹಾಕುವ ಕೆಲಸಕ್ಕೆ ಹಚ್ಚಿದರು. ದಾರಿಯಲ್ಲೇ ಎಷ್ಟೋ ಮಂದಿ ಬಿದ್ದರು.

ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ಅದೇ ರಾಸುಲ್ ಐನ್ ಆರ್ಮೇನಿಯನ್ನರನ್ನು ಊರು ಬಿಡಿಸಿ ಓಡಿಸಿ ತಂದು ಗುಡ್ಡೆ ಹಾಕಿದ ಜಾಗ. ಕುತ್‌ನಲ್ಲಿ ಸೆರೆಯಾದ ಬಂಗಾಳದ ಶಿಶಿರ್ ಸರ್ಬಾಧಿಕಾರಿ ತಾನು ಕಂಡದ್ದನ್ನು ಬರೆದಿಟ್ಟಿದ್ದಾರೆ. ಅನ್ಯಾಯ ಮಾಡಿದವರು ನಮ್ಮವರೆಂದು ಕಾಣುವಾಗ ಅದನ್ನು ಹೇಳಲು ನಾಲಗೆ ತಡೆಯುತ್ತದೆ. ಚಾಚಾ ತಡೆಯಲಿಲ್ಲ. ಮಕ್ಕಳ ಎದುರೇ ಹೇಳಿದರು.

ಆದರೆ ಅವರ ಮನೆಯ ಸಂಕಟ ಬೇರೆ. ತುರ್ಕಿಯ ಸುಲ್ತಾನ ಎಂದರೆ ಆಗ ಖಲೀಫ. 1914ರ ನವೆಂಬರ್‌ನಲ್ಲಿ ಇಸ್ತಾಂಬುಲ್‌ನಿಂದ ಜಿಹಾದ್‌ನ ಘೋಷಣೆಯಾಗಿತ್ತು. ಅತ್ತ ಖಲೀಫರ ಸೇನೆ, ಇತ್ತ ಬ್ರಿಟಿಷರ ಸಂಬಳ ತಿನ್ನುವ ದಖನಿ ಮುಸ್ಲಿಮ್ ಸಿಪಾಯಿ. ಯುದ್ಧ ಮುಗಿದ ಮೇಲೆ ಊರಲ್ಲಿ ಖಿಲಾಫತ್ ಚಳವಳಿ ಬಿಸಿಯೇರಿತು. ‘ಖಲೀಫನ ಮ್ಯಾಲೆ ಬಂದೂಕು ಹಿಡದವರ ಮನಿ ಅಂತಿದ್ರಂತ್ರಿ ಮಂದಿ. ಅಜ್ಜಿ ಹೆಸರು ಹೇಳೂದೇ ಬಿಟ್ಲು.’ ಮನೆಯಲ್ಲಿ ದುಆ ಮಾಡುವಾಗಲೂ ‘ಬಸ್ರಾಕ್ಕೆ ಹೋದವರು’ ಎಂದಷ್ಟೇ. ಮೂರನೇ ತಲೆಮಾರಿಗೆ ಬರುವಾಗ ಪೂರ್ಣ ಹೆಸರು ಮರೆತೇಹೋಗಿತ್ತು. ಅರ್ಧ ಹೆಸರು ಮಾತ್ರ ಉಳಿದಿದೆ. ಯಾವ ಪಲ್ಟಣ್ ಎಂದೂ ಖಾತ್ರಿಯಿಲ್ಲ.

ಅಸರ್ ಹೊತ್ತಿಗೆ ತಿಳಕವಾಡಿಯ ವೀರಸೌಧಕ್ಕೆ ಹೋದೆವು. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ಜಾಗ, ಎದುರಲ್ಲಿ ಅಂದು ನೀರಿಗಾಗಿ ತೋಡಿದ ಕಾಂಗ್ರೆಸ್ ಬಾವಿ. ಅದೇ ದಿನಗಳಲ್ಲಿ ಇದೇ ಊರಲ್ಲಿ ಖಿಲಾಫತ್ ಸಮ್ಮೇಳನವೂ ನಡೆಯಿತು. ಅಷ್ಟರಲ್ಲಿ ಖಿಲಾಫತನ್ನು ತುರ್ಕಿಯವರೇ ಆ ವರ್ಷ ಮಾರ್ಚ್ 3ರಂದು ರದ್ದು ಮಾಡಿ ಆಗಿತ್ತು. ಯಾರ ವಿರುದ್ಧ ಹೋರಾಡಿದ್ದಕ್ಕೆ ಆ ಮನೆಯವರು ತಲೆ ತಗ್ಗಿಸಿದರೋ ಆ ಪದವಿಯೇ ಇರಲಿಲ್ಲ. ಬಾವಿಯ ಕಟ್ಟೆಗೆ ಒರಗಿ ನಿಂತ ಚಾಚಾ ಇಲ್ಲಿ ಏನೂ ವಿವರಿಸಲಿಲ್ಲ, ಬೋರ್ಡ್ ಓದಿಕೊಳ್ಳಿ ಅಂದರು.

ಮರುದಿನ ಖಾನಾಪುರ. ಬೆಳಗಾವಿಯಿಂದ ಒಂದು ಗಂಟೆಯೊಳಗಿನ ದಾರಿ, ಹೋಗ್ತಾ ಹೋಗ್ತಾ ಮಲೆನಾಡು ಶುರು. ಖಾನಾಪುರದ ಮಣ್ಣಿಗೆ ಹೆಸರಿದೆ, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಕೇಂದ್ರವೂ ಇಲ್ಲಿದೆ. ಮಕ್ಕಳಿಗೆ ಮಡಕೆಗಳ ಎದುರಿಂದ ಏಳುವ ಮನಸ್ಸಿರಲಿಲ್ಲ. ಅಲ್ಲಿಂದ ನಂದಗಡ. ಕಿತ್ತೂರಿನ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನೇಣಿಗೆ ಹಾಕಿದ ಊರು. ಸಮಾಧಿಯ ಬಳಿ ದೊಡ್ಡ ಆಲದ ಮರ, ಹರಕೆ ಹೊತ್ತು ಬರುವ ಜನ. ಸರಕಾರ ಫಲಕ ಹಾಕುವ ಎಷ್ಟೋ ಮೊದಲೇ ಲಾವಣಿ, ಗೀಗೀ ಪದದವರು ಅವನ ಹೆಸರನ್ನು ಊರೂರಿಗೆ ಹೊತ್ತು ಉಳಿಸಿದ್ದರು. ಹಾಡುವವರಿಲ್ಲದ ಸಿಪಾಯಿಯ ಗತಿ ನಾವು ಹಿಂದಿನ ದಿನ ಕೇಳಿದ್ದೆವು.

ಖಾನಾಪುರ ತಾಲೂಕಿನದ್ದೇ ಆದ ಲೋಂಡಾ ಜಂಕ್ಷನ್‌ನಲ್ಲಿ ಚಹಾ. ಇಲ್ಲಿಂದ ಒಂದು ಹಳಿ ಕ್ಯಾಸಲ್‌ರಾಕ್ ದಾಟಿ ಗೋವಾಕ್ಕೆ ಇಳಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಗೋವಾ ಪೋರ್ಚುಗೀಸರದ್ದು, ಪೋರ್ಚುಗಲ್ ಯಾರ ಕಡೆಯೂ ಇಲ್ಲದ ದೇಶ. ಹಾಗಾಗಿ ಮರ್ಮಗೋವಾ ಬಂದರಿನಲ್ಲಿ ಮೂರು ಜರ್ಮನ್ ಹಡಗು, ಒಂದು ಇಟಲಿಯ ಹಡಗು ಆಶ್ರಯ ಪಡೆದು ನಿಂತಿದ್ದವು. ಅವುಗಳಲ್ಲಿ ‘ಎಹ್ರನ್‌ಫೆಲ್ಸ್’ನಿಂದ ಬ್ರಿಟಿಷ್ ಹಡಗುಗಳ ಚಲನವಲನ ಜರ್ಮನ್ ಸಬ್‌ಮರೀನ್‌ಗಳಿಗೆ ತಲುಪುತ್ತಿದೆ ಎಂಬ ಶಂಕೆ. 1943ರ ಮಾರ್ಚ್ 9ರ ರಾತ್ರಿ ಕಲ್ಕತ್ತಾದ ನಡುವಯಸ್ಸಿನ ಬಿಳಿ ವ್ಯಾಪಾರಿಗಳ ಒಂದು ಸ್ವಯಂಸೇವಕ ಪಡೆ ಗುಟ್ಟಾಗಿ ಬಂದು ಅದನ್ನು ಹತ್ತಿತು. ನಾಲ್ಕೂ ಹಡಗುಗಳನ್ನು ಅವುಗಳ ನಾವಿಕರೇ ಮುಳುಗಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ಬಂದರಿನಲ್ಲಿ ಜಪಾನ್ ಮತ್ತು ಅಮೆರಿಕ ಸೆರೆಯಲ್ಲಿದ್ದ ಪರಸ್ಪರರ ನಾಗರಿಕರನ್ನು ಬದಲಾಯಿಸಿಕೊಂಡವು. ಪಶ್ಚಿಮ ಕರಾವಳಿಯ ಹಡಗುಗಳಲ್ಲಿ ದುಡಿದ ಹಿರಿಯರು ಪ್ರತಿಯೊಂದು ಬ್ಯಾರಿ ಊರಲ್ಲೂ ಇದ್ದರು. ಅವರಿಂದ ಯಾರಾದರೂ ಈ ಕಥೆ ಕೇಳಿದ್ದರೆ ಈ ಪುಟಕ್ಕೆ ಬರೆಯಿರಿ.

ಹಿಂದಿರುಗುವಾಗ ಸಾಂಬ್ರಾ ವಿಮಾನ ನಿಲ್ದಾಣದ ರಸ್ತೆಯಲ್ಲಿ ಒಂದು ಸುತ್ತು. ಈಗ ವಿಮಾನ ಇಳಿಯುವ ಈ ಜಾಗ 1942ರಲ್ಲಿ ಬ್ರಿಟಿಷ್ ವಾಯುಪಡೆ ಮಾಡಿಕೊಂಡದ್ದು, ಬರ್ಮಾ ಯುದ್ಧಕ್ಕೆ ಬೆಂಬಲವಾಗಿ. ಮೂರನೇ ದಿನ ಇದ್ದರೆ ಕೊಲ್ಲಾಪುರಕ್ಕೆ ಕರೆದೊಯ್ಯುತ್ತಿದ್ದೆ ಎಂದು ಚಾಚಾ ಹೇಳಿದರು. ಅಲ್ಲಿನ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು ಐದು ಸಾವಿರ ಪೋಲಿಷ್ ನಿರಾಶ್ರಿತರು, ಹೆಚ್ಚಿನವರು ಹೆಂಗಸರು ಮಕ್ಕಳು, ನೆಲೆಸಿದ್ದರು. ಸೋವಿಯತ್ ರಶ್ಯ ಸೈಬೀರಿಯಾಕ್ಕೆ ಅಟ್ಟಿದ್ದ ಕುಟುಂಬಗಳು ಇರಾನ್ ಮೂಲಕ ಇಲ್ಲಿಗೆ ತಲುಪಿದ್ದವು. ನಮಗೆ ಸಮಯ ಇರಲಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಗಾಡಿಯ ಬಾಡಿಗೆ ಬೇರೆ, ಗೈಡ್‌ನ ಸಂಭಾವನೆ ಬೇರೆ ಎಂದು ಮೊದಲೇ ಮಾತಾಡಿಕೊಳ್ಳಿ. ‘ಇದು ನಿಮಗೆ ಹೇಗೆ ಗೊತ್ತು?’ ಎಂದು ಕೇಳಲು ಸಂಕೋಚ ಬೇಡ, ಒಳ್ಳೆಯ ಗೈಡ್‌ಗೆ ಆ ಪ್ರಶ್ನೆ ಇಷ್ಟವಾಗುತ್ತದೆ. ಸೇನೆಯ ಜಾಗಗಳಲ್ಲಿ ಮೊಬೈಲ್ ಜೇಬಿನಲ್ಲೇ ಇರಲಿ. ಜರ್ಮನಿಯಲ್ಲಿ ಓದುವ ಮಕ್ಕಳಿದ್ದರೆ ಡಾಖಾವ್‌ಗೆ ಮ್ಯೂನಿಕ್‌ನಿಂದ ಲೋಕಲ್ ರೈಲು, ಅಲ್ಲಿಂದ ಬಸ್ಸು ಉಂಟು. ಒಂದು ದಿನ ಹೋಗಿ ನೂರ್ ಹೆಸರಿನ ಮುಂದೆ ಒಂದು ಫಾತಿಹಾ ಓದಿ ಬರಲು ಹೇಳಿ.

ಕೊನೆಯ ಸಂಜೆ, ಬಸ್ಸಿಗೆ ಕಾಯುವಾಗ, ಪಿಯುಸಿ ಓದುವ ನಮ್ಮ ಹುಡುಗಿ ಮೊಬೈಲ್ ಹಿಡಿದು ಚಾಚಾನ ಪಕ್ಕ ಕೂತಳು. ಬಸ್ರಾದಲ್ಲಿ ಬ್ರಿಟಿಷರು 1929ರಲ್ಲಿ ಒಂದು ದೊಡ್ಡ ಸ್ಮಾರಕ ಕಟ್ಟಿದ್ದಾರೆ, ಮೆಸಪಟೋಮಿಯಾದಲ್ಲಿ ಸತ್ತು ಗೋರಿ ಗುರುತಿಲ್ಲದ 40 ಸಾವಿರಕ್ಕೂ ಹೆಚ್ಚು ಮಂದಿಗಾಗಿ. ಬಿಳಿಯರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದರು, ಭಾರತದ ಅಧಿಕಾರಿಗಳದ್ದನ್ನೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳದ್ದು ಮಾತ್ರ ಪಲ್ಟಣದ ಹೆಸರು, ಅದರ ಕೆಳಗೆ ಎಷ್ಟು ಮಂದಿ ಎಂಬ ಸಂಖ್ಯೆ. ಅದು ತಪ್ಪು ಎಂದು ಯುದ್ಧ ಸಮಾಧಿಗಳ ಆಯೋಗ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಆದರೆ ಹೆಸರುಗಳು ಕಡತಗಳಲ್ಲಿದ್ದವು, ಈಗ ಆಯೋಗದ ಜಾಲತಾಣದಲ್ಲಿ ಯಾರೂ ಹುಡುಕಬಹುದು. ಹಣ ಕೊಡಬೇಕಾಗಿಲ್ಲ.

ಚಾಚಾಗೆ ಇದು ಗೊತ್ತಿರಲಿಲ್ಲ. ಇಷ್ಟೆಲ್ಲ ಕಥೆ ಹೇಳುವ ಮನುಷ್ಯ ಆ ಹೆಸರನ್ನು ಹುಡುಕಲು ಹೋಗಿಯೇ ಇರಲಿಲ್ಲ. ಅರ್ಧ ಹೆಸರು ಹೇಳಿದರು. ಹುಡುಗಿ ಇಂಗ್ಲಿಷ್‌ನಲ್ಲಿ ಒಂದು ಕಾಗುಣಿತದಲ್ಲಿ ಹಾಕಿದಳು, ಮರಾಠಾ ಪಲ್ಟಣಗಳಲ್ಲೇ ಒಂದಕ್ಕಿಂತ ಹೆಚ್ಚು ಮಂದಿ ಬಂದರು. ಬೇರೆ ಕಾಗುಣಿತದಲ್ಲಿ ಇನ್ನೂ ಕೆಲವರು. ಕೆಲವರದ್ದು ತಂದೆಯ ಹೆಸರು, ಊರು ಇತ್ತು, ಕೆಲವರದ್ದು ಬರೀ ನಂಬರ್ ಮತ್ತು ಸತ್ತ ದಿನ. ‘ಎಲ್ಲಾ ಬರಕೋ ಬೇಟಿ, ಒಂದೂ ಬಿಡಬ್ಯಾಡ’ ಅಂದರು. ಪತ್ತಿರ್ ಕಟ್ಟಿದ್ದ ಕಾಗದದ ಹಿಂಬದಿಯಲ್ಲಿ ಅವಳು ನಂಬರ್‌ಗಳನ್ನು ಬರೆದು ಕೊಟ್ಟಳು. ಅದನ್ನು ಎರಡು ಮಡಿಕೆ ಮಾಡಿ ಪಿಂಚಣಿ ಕಾರ್ಡಿನ ಜೊತೆ ಇಟ್ಟುಕೊಂಡರು.

ತಮ್ಮ ಹೆಸರನ್ನು ಪೇಪರ್‌ನಲ್ಲಿ ಹಾಕಬಹುದೇ ಎಂದು ಕೇಳಿದೆವು. ಮೊದಲು ಅವರದ್ದು ಸಿಗಲಿ, ಆಮೇಲೆ ಎರಡೂ ಹೆಸರು ಒಟ್ಟಿಗೆ ಹಾಕ್ರಿ ಅಂದರು. ಸಂಬಂಧಿಕರೊಬ್ಬರ ಮನೆಯ ಟ್ರಂಕಿನಲ್ಲಿ ಹಳೆಯ ಪಿಂಚಣಿ ಕಾಗದ ಇದೆಯಂತೆ. ಮೊನ್ನೆ ಫೋನ್ ಮಾಡಿದಾಗ, ಶುಕ್ರವಾರ ಜುಮಾ ಮುಗಿಸಿ ಅಲ್ಲಿಗೆ ಹೋಗುತ್ತೇನೆ ಎಂದು ಹೇಳಿದರು.